ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದೆ

ಜನ ರಕ್ತ ಪರೀಕ್ಷೆಗೆ ಬರುತ್ತಿರುವ ತನಕ ಲ್ಯಾಬಿನಲ್ಲಿ ನಗುವುದಕ್ಕೆ ಬರಗಾಲವಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಉಡುಪಿಯ ಒಬ್ಬ ಡಾಕ್ಟರರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಟೆಕ್ನಿಶಿಯನ್ ಆಗಿ ಸೇರಿದೆ. ಟೆಕ್ನಿಶಿಯನ್ ಎಂದರೆ ರಕ್ತ ತೆಗೆದು, ಪರೀಕ್ಷೆ ಮಾಡಿ, ರಿಪೋರ್ಟ್ ಬರೆಯುವವನು, ಮದ್ದು ಕೊಡುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನ್ನ ಊರು ಕಾರ್ಕಳದಲ್ಲಿ ಇವತ್ತಿಗೂ ನನ್ನ ಹತ್ತಿರ ಕೆಮ್ಮಿಗೆ ಮದ್ದು ಕೇಳುವವರಿದ್ದಾರೆ.

ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಡಾಕ್ಟರೂ ಒಳ್ಳೆಯವರು. ದಪ್ಪ ಆಳು, ಕಾಫಿಗೆ ಮೂರು ಚಮಚ ಸಕ್ಕರೆ. ಆದರೆ ಸೇರಿದ ದಿನವೇ ಹೇಳಿದ್ದರು: "ಆರು ತಿಂಗಳು ನೋಡುತ್ತೇನೆ. ರಿಪೋರ್ಟ್ ಸರಿ ಬಾರದಿದ್ದರೆ ರಕ್ತವನ್ನು ಮಣಿಪಾಲಕ್ಕೆ ಕಳಿಸುತ್ತೇನೆ, ನಿನ್ನನ್ನು ಕಾರ್ಕಳಕ್ಕೆ."

೧. ದ್ವಾದಶಿಯ ರಕ್ತ

ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಎರಡು ಸಲ ರಕ್ತ ತೆಗೆಯಬೇಕು. ರಾತ್ರಿ ಊಟದ ನಂತರ ನೀರು ಬಿಟ್ಟು ಏನನ್ನೂ ಮುಟ್ಟದೆ ಬೆಳಿಗ್ಗೆ ಬಂದರೆ ಮೊದಲನೆಯದು. ಆಮೇಲೆ ಹೋಗಿ ತಿಂದು, ಸರಿಯಾಗಿ ಎರಡು ಗಂಟೆ ಕಳೆದು ಬಂದರೆ ಎರಡನೆಯದು. ತಿಂದದ್ದನ್ನು ಶರೀರ ಹೇಗೆ ನಿಭಾಯಿಸುತ್ತದೆ ಎಂದು ಎರಡನೆಯದರಿಂದ ಗೊತ್ತಾಗುತ್ತದೆ.

ದೇವಸ್ಥಾನವೊಂದರಲ್ಲಿ ಪೂಜೆ ಮಾಡುವ ಭಟ್ಟರು ಈ ಪರೀಕ್ಷೆಗೆ ಏಕಾದಶಿಯ ದಿನವನ್ನೇ ಆರಿಸಿಕೊಂಡು ಬಂದರು. ಹೇಗೂ ಉಪವಾಸ, ಹೊಟ್ಟೆ ಖಾಲಿಯೇ ಉಂಟು ಎಂದರು. ನನಗೆ ಅವರ ಬುದ್ಧಿ ಮೆಚ್ಚುಗೆಯಾಯಿತು. ರಕ್ತ ತೆಗೆದು, ಊಟ ಮಾಡಿ ಎರಡು ಗಂಟೆ ಬಿಟ್ಟು ಬನ್ನಿ ಅಂದೆ. ತಲೆಯಾಡಿಸಿ ಹೋದರು. ಹತ್ತು ಗಂಟೆಗೆ ಬರಲಿಲ್ಲ. ಮಧ್ಯಾಹ್ನ ಬರಲಿಲ್ಲ. ಸಂಜೆ ನಾನು ಬಾಗಿಲು ಹಾಕಿದೆ.

ಮರುದಿನ ಬೆಳಿಗ್ಗೆ ನಾನು ಬರುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದರು. ಏಕಾದಶಿ ಮಾಡಿದವರು ಊಟ ಮಾಡುವುದು ಮರುದಿನ, ದ್ವಾದಶಿಯ ಬೆಳಿಗ್ಗೆ. ಅದಕ್ಕೆ ಪಾರಣೆ ಎನ್ನುತ್ತಾರೆ.

"ಪಾರಣೆ ಆರು ಗಂಟೆಗೆ ಮುಗಿಯಿತು. ಈಗ ಎಂಟು," ಎಂದು ತೋಳು ಚಾಚಿದರು. "ನೀವು ಹೇಳಿದ ಎರಡು ಗಂಟೆಗೆ ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆ ಇಲ್ಲ."

ರಿಪೋರ್ಟಿನಲ್ಲಿ ಎರಡು ತಾರೀಕು ನೋಡಿದ ಡಾಕ್ಟರು, ನಿನ್ನ ಗಡಿಯಾರಕ್ಕೆ ಕೀಲಿ ಕೊಡುವ ಕ್ರಮ ಉಂಟಾ ಎಂದು ಕೇಳಿದರು.

೨. ತುಂಬ ರಕ್ತ ಇರುವವನು

ಶಂಕರಪುರದ ಬಾಯಮ್ಮನೊಬ್ಬರಿಗೆ ಹಿಮೋಗ್ಲೋಬಿನ್ ಕಡಿಮೆ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುತ್ತಾರೆ. ಹಿಮೋಗ್ಲೋಬಿನ್ ಎಂದರೆ ರಕ್ತಕ್ಕೆ ಕೆಂಪು ಬಣ್ಣ ಕೊಡುವ ವಸ್ತು. ಅದು ಕಡಿಮೆಯಾದರೆ ಸುಸ್ತು, ಏದುಸಿರು. ಅವರಿಗೆ ಏಳು ಇತ್ತು. ಡಾಕ್ಟರು ಟಾನಿಕ್ ಬರೆದು, ಒಂದು ವಾರ ಬಿಟ್ಟು ಮತ್ತೆ ನೋಡುವ ಎಂದಿದ್ದರು.

ವಾರ ಕಳೆದು ಆ ಮನೆಯ ಚೀಟಿ ಬಂತು. ಡಾಕ್ಟರು ಬರೆದದ್ದರಲ್ಲಿ ಮನೆತನದ ಹೆಸರು ಒಂದೇ ಓದಲಿಕ್ಕೆ ಆಗುತ್ತಿತ್ತು. ಚೀಟಿ ಹಿಡಿದುಕೊಂಡು ಬಂದವನು ಕಪ್ಪು ಕನ್ನಡಕ ಹಾಕಿದ, ಗಲ್ಫಿನಿಂದ ರಜೆಯಲ್ಲಿ ಬಂದ ಗಟ್ಟಿಮುಟ್ಟಾದ ಯುವಕ. ತೋಳು ಕೊಟ್ಟ, ತೆಗೆದೆ. ಹದಿನೈದು ಬಂತು, ಬರೆದೆ.

ಒಂದೇ ವಾರದಲ್ಲಿ ಏಳರಿಂದ ಹದಿನೈದು. ಅಷ್ಟು ಒಳ್ಳೆಯ ಟಾನಿಕ್ ಪ್ರಪಂಚದಲ್ಲಿ ಇಲ್ಲ ಎಂದು ಡಾಕ್ಟರು ನನ್ನನ್ನು ಒಳಗೆ ಕರೆದರು. ಬಾಯಮ್ಮನಿಗೂ ಹೇಳಿ ಕಳಿಸಿದರು. ಅವರು ಮಧ್ಯಾಹ್ನದ ಬಸ್ಸಿಗೆ ಬಂದರು. ಬೆಳಿಗ್ಗೆ ಬರುವ ಹಾಗಿಲ್ಲ. ಮಲ್ಲಿಗೆ ಕೊಯ್ದು, ಕಟ್ಟಿ, ಕೊಳ್ಳುವವರು ಬರುವ ಮೊದಲು ಚೆಂಡು ಮಾಡಿ ಇಡಬೇಕು. ಪರೀಕ್ಷೆಗೆ ಮಗನನ್ನು ಕಳಿಸಿದ್ದು ನಾನೇ ಎಂದು ಅವರು ಯಾವ ಅಳುಕೂ ಇಲ್ಲದೆ ಒಪ್ಪಿಕೊಂಡರು.

"ನನಗೆ ರಕ್ತ ಕಡಿಮೆ ಅಂತ ಹೇಳಿದ್ದು ನೀವೇ ಅಲ್ವಾ ಡಾಕ್ಟ್ರೇ?" ಎಂದರು. "ಇರುವುದೇ ಸ್ವಲ್ಪ, ಅದನ್ನೂ ನಿಮಗೆ ಕೊಟ್ಟರೆ ನನಗೆ ಎಂತ ಉಳಿಯುತ್ತದೆ? ಅವನಲ್ಲಿ ತುಂಬ ಉಂಟು, ಮನೆಯಲ್ಲಿ ಸುಮ್ಮನೆ ಕೂತಿದ್ದ."

೩. ಹೆಡ್‌ಮಾಸ್ಟರರ ಕಾಲು

ಮೇಲಿನ ಎರಡಕ್ಕೂ ಡಾಕ್ಟರು ಕೊನೆಗೆ ನಕ್ಕರು. ಮೂರನೆಯದಕ್ಕೆ ನಗಲಿಲ್ಲ. ಕಟಪಾಡಿಯ ಒಬ್ಬ ನಿವೃತ್ತ ಹೆಡ್‌ಮಾಸ್ಟರರಿಗೆ ಸಕ್ಕರೆ ಕಾಯಿಲೆ. ಪ್ರತಿ ತಿಂಗಳ ಮೊದಲ ಶನಿವಾರ ಅವರ ಪರೀಕ್ಷೆ. ಪ್ರತಿ ಸಲವೂ ರಿಪೋರ್ಟ್ ಬಹಳ ಚೆನ್ನಾಗಿರುತ್ತಿತ್ತು. ಆದರೆ ಕಾಲಿನ ಹೆಬ್ಬೆರಳಿನ ಗಾಯ ನಾಲ್ಕು ತಿಂಗಳಾದರೂ ಮಾಯಲಿಲ್ಲ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಮಾಯುವುದು ಕಷ್ಟ, ಬೆರಳನ್ನೇ ತೆಗೆಯಬೇಕಾದೀತು.

"ಕಾಲು ಒಂದು ಹೇಳುತ್ತದೆ, ನೀನು ಒಂದು ಹೇಳುತ್ತಿ," ಎಂದರು ಡಾಕ್ಟರು. "ನಾನು ಕಾಲನ್ನು ನಂಬುತ್ತೇನೆ. ಮುಂದಿನ ತಿಂಗಳೂ ಹೀಗೇ ಆದರೆ ನೀನು ಬಸ್ಸು ಹತ್ತು."

ನಾನು ದ್ರಾವಣಗಳನ್ನೆಲ್ಲ ಚೆಲ್ಲಿ ಹೊಸದಾಗಿ ಮಾಡಿದೆ. ಆಗಿನ ಕ್ರಮದಲ್ಲಿ ರಕ್ತದ ಸಕ್ಕರೆಗೆ ಕೊಳವೆಯಲ್ಲಿ ನೀಲಿ ಬಣ್ಣ ಬರುತ್ತಿತ್ತು. ಸಕ್ಕರೆ ಹೆಚ್ಚಾದಷ್ಟು ನೀಲಿ ಗಾಢ. ಸರಿ ಉಂಟಾ ನೋಡಲಿಕ್ಕೆ ನನ್ನದೇ ರಕ್ತ ತೆಗೆದೆ. ಸರಿಯಿತ್ತು. ಶನಿವಾರ ಮಾಸ್ಟರರದ್ದು ತೆಗೆದೆ. ಆಕಾಶದ ಹಾಗೆ ತಿಳಿ ನೀಲಿ. ನಾನು ಆ ರಿಪೋರ್ಟನ್ನು ಡಾಕ್ಟರಿಗೆ ಸೋಮವಾರ ಕೊಡುವ ಎಂದು ಕಿಸೆಯಲ್ಲಿ ಇಟ್ಟುಕೊಂಡೆ.

ಮರುದಿನ ಆದಿತ್ಯವಾರ ಕಟಪಾಡಿಯಲ್ಲಿ ಒಂದು ಗೃಹಪ್ರವೇಶದ ಊಟ. ಡಾಕ್ಟರಿಗೂ ಕರೆ, ನನಗೂ ಕರೆ. ಪಂಕ್ತಿಯಲ್ಲಿ ಪಕ್ಕ ಪಕ್ಕ ಕೂತೆವು. ಎದುರಿನ ಸಾಲಿನಲ್ಲಿ ಹೆಡ್‌ಮಾಸ್ಟರರು. ಅವರ ಎಲೆಗೆ ಐದನೆಯ ಹೋಳಿಗೆ ಬಿತ್ತು, ಮೇಲಿನಿಂದ ತುಪ್ಪ, ಬದಿಯಲ್ಲಿ ಪಾಯಸ. ಡಾಕ್ಟರು ಕೈಯಲ್ಲಿದ್ದ ತಮ್ಮ ನಾಲ್ಕನೆಯದನ್ನು ಕೆಳಗಿಟ್ಟು, ಇದು ಎಂತ ಮಾಸ್ಟ್ರೇ ಎಂದು ಕೇಳಿದರು.

ಮಾಸ್ಟರರಿಗೆ ನಾಚಿಕೆಯೂ ಇಲ್ಲ, ಗಾಬರಿಯೂ ಇಲ್ಲ. "ಪರೀಕ್ಷೆ ನಿನ್ನೆಯೇ ಮುಗಿಯಿತಲ್ಲ ಡಾಕ್ಟ್ರೇ," ಎಂದರು. "ಬುಧವಾರದಿಂದ ನೀರು ಗಂಜಿ, ಹಾಗಲಕಾಯಿ, ಬೇರೆ ಏನಿಲ್ಲ. ಪ್ರತಿ ತಿಂಗಳೂ ಹಾಗೆಯೇ ತಯಾರಿ. ಪರೀಕ್ಷೆ ಮುಗಿದ ಮೇಲೂ ಓದುವ ಮಕ್ಕಳನ್ನು ನಾನು ಇಡೀ ಸರ್ವಿಸ್ಸಿನಲ್ಲಿ ಕಂಡದ್ದಿಲ್ಲ."

ನಾನು ಕಿಸೆಯಿಂದ ರಿಪೋರ್ಟ್ ತೆಗೆದು ಡಾಕ್ಟರರ ಎಲೆಯ ಪಕ್ಕದಲ್ಲಿ ಇಟ್ಟೆ.

೪. ತಿಳಿಸದೆ ಬಂದ ಪರೀಕ್ಷೆ

ಆ ದಿನಗಳ ಪರೀಕ್ಷೆ ಆ ಹೊತ್ತಿನ ಸಕ್ಕರೆಯನ್ನು ಮಾತ್ರ ಹೇಳುತ್ತಿತ್ತು. ಕಳೆದ ಎರಡು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ನಮ್ಮ ಕಡೆಗೆ ಆಮೇಲೆ ಬಂತು. ಹಾಗಾಗಿ ಡಾಕ್ಟರು ಒಂದು ಉಪಾಯ ಮಾಡಿದರು. ಹತ್ತು ದಿನ ಕಳೆದು, ಹೇಳದೆ ಕೇಳದೆ, ಬೆಳಿಗ್ಗೆ ಏಳು ಗಂಟೆಗೆ ನನ್ನನ್ನು ಸಿರಿಂಜಿನ ಜೊತೆ ಮಾಸ್ಟರರ ಮನೆಗೆ ಕಳಿಸಿದರು. ವೇಳಾಪಟ್ಟಿ ಕೊಡದೆ ಪರೀಕ್ಷೆ ಮಾಡುವುದು ಯಾವ ನ್ಯಾಯ ಎಂದು ಮಾಸ್ಟರರು ಚಾವಡಿಯಲ್ಲಿ ನಿಂತು ವಾದಿಸಿದರು. ಅವರ ಹೆಂಡತಿಯೇ ಅವರ ತೋಳು ಹಿಡಿದುಕೊಟ್ಟರು. ಕೊಳವೆಯಲ್ಲಿ ಬಂದ ನೀಲಿ ಪೆನ್ನಿಗೆ ತುಂಬುವ ಶಾಯಿಯ ಹಾಗಿತ್ತು. ಇನ್ಸುಲಿನ್ ಶುರುವಾಯಿತು. ಎರಡು ತಿಂಗಳಲ್ಲಿ ಗಾಯ ಮಾಯಿತು, ಬೆರಳು ಉಳಿಯಿತು. ನನ್ನ ಕೆಲಸವೂ ಉಳಿಯಿತು.

ಮಾಸ್ಟರರು ಎರಡೂ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದು ಹೋದ ದಿನ ಡಾಕ್ಟರು ಬಹಳ ಖುಷಿಯಲ್ಲಿದ್ದರು. ಕಾಫಿ ಹಿಡಿದುಕೊಂಡು ಲ್ಯಾಬಿಗೇ ಬಂದು, ಇನ್ನು ಮೇಲೆ ಎಲ್ಲರಿಗೂ ಹೀಗೆಯೇ, ಮುಂಚೆ ತಿಳಿಸದೆ ರಕ್ತ ತೆಗೆಯಬೇಕು, ನಿಜ ಗೊತ್ತಾಗುವುದು ಹಾಗೆ ಮಾತ್ರ ಎಂದು ನನಗೆ ವಿವರಿಸಿದರು.

ನನಗೆ ಈಗ ಧೈರ್ಯ ಬಂದಿತ್ತು. ಕುದಿಸಿಟ್ಟ ಸಿರಿಂಜ್ ಎತ್ತಿಕೊಂಡೆ. ನೀವು ಪರೀಕ್ಷೆ ಮಾಡಿಸಿದ್ದನ್ನು ನಾನು ಬಂದ ಮೇಲೆ ನೋಡಿಲ್ಲ ಸರ್, ತೋಳು ಕೊಡಿ ಅಂದೆ.

ಡಾಕ್ಟರು ಸಿರಿಂಜ್ ನೋಡಿದರು. ಕೈಯಲ್ಲಿದ್ದ ಕಾಫಿ ನೋಡಿದರು. ಮಡಚಿದ್ದ ಅಂಗಿಯ ತೋಳನ್ನು ನಿಧಾನಕ್ಕೆ ಕೆಳಗೆ ಎಳೆದು ಗುಂಡಿ ಹಾಕಿಕೊಂಡರು.

"ಇವತ್ತು ಬೇಡ ಮಾರಾಯ," ಎಂದರು. "ನಾನು ಇನ್ನೂ ಏನೂ ಓದಿಲ್ಲ."