ಗಾಳಿಗೆಂದು ಬಿಟ್ಟ ಸಂದು

ಮರದ ಮನೆ ಕಟ್ಟಿಕೊಡುವುದು ನನ್ನ ಕಸುಬು. ಬೆವರು ಆರುವ ಮೊದಲೇ ಮಳೆ, ಮಳೆ ಆರುವ ಮೊದಲೇ ಬೆವರು ಎನ್ನುವಂಥ ಊರಿನಲ್ಲಿ ಮರದ ಮನೆಯೇ ಎಂದು ಮೂಗು ಮುರಿಯುವವರನ್ನು ನಾನು ವಾದ ಮಾಡದೆ ನನ್ನ ಮನೆಗೇ ಕರೆತಂದು ಕೂರಿಸುತ್ತೇನೆ. ಸ್ವಲ್ಪ ಹೊತ್ತಿಗೆ ಅವರು ಕರವಸ್ತ್ರವನ್ನು ಜೇಬಿಗೆ ಸೇರಿಸುತ್ತಾರೆ. ಅಲ್ಲಿಗೆ ವ್ಯಾಪಾರ ಅರ್ಧ ಮುಗಿದಂತೆ.

ನನ್ನ ಮನೆಯ ಕಂಬಗಳು ನೆಲಕ್ಕೆ ಕಾಲಿಡುವುದಿಲ್ಲ, ಕಲ್ಲಿನ ಮೇಲೆ ನಿಂತಿವೆ. ಪ್ರತಿ ಕಲ್ಲಿನ ತಲೆಗೂ ಒಂದು ತಗಡಿನ ಟೋಪಿ. ಗೆದ್ದಲು ಅಲ್ಲಿಯವರೆಗೆ ಹತ್ತಿಬಂದು, ಮುಂದೆ ದಾರಿ ಕಾಣದೆ, ಪಕ್ಕದ ಮನೆಗೆ ಹೋಗುತ್ತದೆ. (ಪಕ್ಕದ ಮನೆಯವರು ಇದನ್ನು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ.) ಎಲ್ಲಕ್ಕಿಂತ ಹೆಚ್ಚುಗಾರಿಕೆ ಗೋಡೆಗಳದ್ದು. ಯಾವ ಗೋಡೆಯೂ ಚಾವಣಿಯನ್ನು ಮುಟ್ಟುವುದಿಲ್ಲ, ಮೇಲೆ ಒಂದು ಮೊಳದ ಸಂದು ಬಿಟ್ಟಿದ್ದೇನೆ. ಒಂದು ಕಡೆ ಹೊಕ್ಕ ಗಾಳಿ ಎಲ್ಲ ಕೋಣೆಗಳ ಕ್ಷೇಮಸಮಾಚಾರ ವಿಚಾರಿಸಿಕೊಂಡು ಇನ್ನೊಂದು ಕಡೆ ಹೊರಡುತ್ತದೆ. ತೇವ ನಿಲ್ಲದಿದ್ದರೆ ಬೂಷ್ಟಿಲ್ಲ, ಬೂಷ್ಟಿಲ್ಲದಿದ್ದರೆ ಮರಕ್ಕೆ ಮುಪ್ಪಿಲ್ಲ.

ಗಾಳಿ ಓಡಾಡಿದ ಕಡೆ ಮಾತೂ ಓಡಾಡುತ್ತದೆ ಎಂಬುದು ಮಾತ್ರ ನನಗೆ ನಕ್ಷೆ ಬರೆಯುವಾಗ ಹೊಳೆದಿರಲಿಲ್ಲ. ಬೇರೆ ಕಡೆ ಗಾಳಿಮಾತು ಎಂದರೆ ಸುಳ್ಳುಸುದ್ದಿ. ನಮ್ಮಲ್ಲಿ ಅದು ಅಡುಗೆಮನೆಯಿಂದ ಹೊರಟು ನೇರವಾಗಿ ನನ್ನ ನಕ್ಷೆಯ ಮೇಜಿನ ಮೇಲೆ ಬಂದಿಳಿಯುವ ಅಪ್ಪಟ ಸತ್ಯ.

ಮನೆಯಲ್ಲಿ ನಾವು ಮೂವರು: ನಾನು, ನನ್ನಾಕೆ, ನನ್ನ ಅತ್ತೆ. ಮನೆಗೆ ಬಂದ ಹೊಸದರಲ್ಲಿ ನನ್ನಾಕೆ ನೇರವಾಗಿಯೇ ಸಲಹೆ ಕೊಡುತ್ತಿದ್ದಳು. ಇಲ್ಲಿ ಎರಚಲು ಬರುತ್ತದೆ, ಅಲ್ಲಿ ಬಾಗಿಲು ಉಬ್ಬಿ ಕೂತಿದೆ ಎಂದು. ಹಿತ್ತಲ ಗಿಡ ಮದ್ದಲ್ಲವಲ್ಲ, ಕಟ್ಟುವವನಿಗೇ ಪಾಠವೇ ಎಂದು ನಾನು ಗಾಂಭೀರ್ಯದಿಂದ ನಕ್ಕುಬಿಡುತ್ತಿದ್ದೆ. ಒಂದು ದಿನ ಅವಳು ಹೇಳುವುದನ್ನೇ ನಿಲ್ಲಿಸಿದಳು. ಗೆದ್ದೆ ಎಂದುಕೊಂಡೆ.

ಅದಾದ ಮೇಲೆಯೇ ನನಗೆ ಸಂದಿನ ಮಹಿಮೆ ತಿಳಿದದ್ದು. ಮೇಜಿನ ಮುಂದೆ ಕೂತಿದ್ದಾಗ ಅಡುಗೆಮನೆಯಿಂದ ಅವಳ ದನಿ ಕೇಳಿಸಿತು.

"ಸೂರನ್ನ ಇನ್ನೆರಡು ಅಡಿ ಮುಂದಕ್ಕೆ ಚಾಚಿದ್ರೆ ಒಲೆ ಹತ್ರ ಎರಚಲು ಬರ್ತಿರಲಿಲ್ಲಮ್ಮ. ಆದ್ರೆ ಪಾಪ, ಅದು ಇವರ ಕೈಲಿ ಆಗೋ ಕೆಲಸ ಅಲ್ಲ. ತೊಲೆ ಬಾಗಿಬಿಡುತ್ತೆ ಅಂತ ಭಯ."

ಅತ್ತೆ ಪಾಪ ಪಾಪ ಎಂದರು. ಬೈಗುಳವನ್ನಾದರೂ ತಡೆದುಕೊಳ್ಳಬಹುದು, ಪಾಪವನ್ನು ತಡೆಯಲಾಗದು. ಮರುದಿನ ಬೆಳಿಗ್ಗೆಯೇ ಬಡಗಿಗಳನ್ನು ಕರೆಸಿ, ತೊಲೆಗಳಿಗೆ ಓರೆ ಊರೆಗೋಲು ಕೊಟ್ಟು, ಸೂರನ್ನು ಎರಡೂವರೆ ಅಡಿ ಚಾಚಿಸಿದೆ. ನನ್ನಾಕೆ ಮೂಗಿನ ಮೇಲೆ ಬೆರಳಿಟ್ಟು, ನಿಮಗೆ ಇದು ಹೇಗೆ ಹೊಳೀತು ಎಂದು ಕೇಳಿದಳು. ಅನುಭವ ಎಂದೆ. ಆಮೇಲೆ ಕಟ್ಟಿದ ಎಲ್ಲ ಮನೆಗಳಿಗೂ ಅದೇ ಅಗಲ ಸೂರು. ಬಡಗಿಗಳು ನನಗೆ 'ಸೂರಿನ ಶೂರ' ಎಂದು ಹೆಸರಿಟ್ಟರು. ನಾನು ಬೇಡವೆನ್ನಲಿಲ್ಲ.

ಹೀಗೆ ಬಾಗಿಲುಗಳಿಗೆ ಉಬ್ಬಲು ಜಾಗ ಬಿಟ್ಟೆ. ಮಳೆಯಲ್ಲೂ ಬಟ್ಟೆ ಒಣಗಲೆಂದು ಹಿಂದುಗಡೆ ಮಾಡು ಹೊದಿಸಿದ ಜಗುಲಿ ಎಬ್ಬಿಸಿದೆ. ಅಮ್ಮನ ಮೊಣಕಾಲು ನೋವು ಇವರ ಕಣ್ಣಿಗೆ ಬೀಳೋದಿಲ್ಲ ಎಂಬ ಮಾತು ಗಾಳಿಯಲ್ಲಿ ತೇಲಿಬಂದ ವಾರವೇ ಮೆಟ್ಟಿಲುಗಳನ್ನು ತಗ್ಗಿಸಿದೆ. ಅತ್ತೆ ಇಂಥ ಅಳಿಯ ಯಾರಿಗುಂಟು ಎಂದು ಹರಸಿದರು. ನಾನಂತೂ ಕುರ್ಚಿಯನ್ನು ಸಂದಿನ ಕೆಳಗೇ ಎಳೆದುಕೊಂಡೆ. ಹಾಲು ಕುಡಿಯುವ ಬೆಕ್ಕಿನ ಹಾಗೆ ಕಣ್ಣು ಮುಚ್ಚಿಕೊಂಡು, ನನ್ನನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡು ಸುಖವಾಗಿದ್ದೆ.

ಅಷ್ಟರಲ್ಲಿ ಹಲ್ಲಿನ ಡಾಕ್ಟರಮ್ಮ ಬಂದರು. ಮನೆ ಮತ್ತು ಕ್ಲಿನಿಕ್ಕು ಒಂದೇ ಸೂರಿನಡಿ ಬೇಕು, ಪೂರ್ತಿ ಮರದ್ದು. ನಾನು ಅದುವರೆಗೆ ಕೈಹಾಕಿದ್ದರಲ್ಲೆಲ್ಲ ದೊಡ್ಡ ಕೆಲಸ. ಆದರೆ ಅವರದೊಂದು ಷರತ್ತು: ಗೋಡೆಗಳು ಚಾವಣಿಯನ್ನು ಮುಟ್ಟಬೇಕು. ಹಲ್ಲು ಕೀಳಿಸಿಕೊಳ್ಳುವವರ ಕಿರುಚಾಟ ಊಟದ ಮೇಜಿಗೆ ಬರಬಾರದಂತೆ. ಮುಟ್ಟಿಸಿದರೆ ಗಾಳಿ ಸತ್ತು, ಗೋಡೆ ಬೂಷ್ಟು ಹಿಡಿದು, ಅವರ ರೋಗಿಗಳ ಹಲ್ಲಿಗಿಂತ ಮೊದಲು ನನ್ನ ಮರ ಹುಳುಕಾಗುತ್ತದೆ ಎಂದೆ. ಹಾಗಾದರೆ ಕಾಂಕ್ರೀಟಿನವರನ್ನೇ ಕೇಳುತ್ತೇನೆ, ನಾಳೆ ಸಂಜೆಯವರೆಗೆ ಯೋಚನೆ ಮಾಡಿ ಎಂದು ಹೊರಟುಹೋದರು.

ಮರುದಿನ ಮಧ್ಯಾಹ್ನವಾದರೂ ನನ್ನ ಕಾಗದ ಬೆಳ್ಳಗೇ ಇತ್ತು. ಒಂದೇ ಭರವಸೆ ಉಳಿದದ್ದು ಗಾಳಿಯ ಮೇಲೆ. ಕುರ್ಚಿಗೆ ಒರಗಿ ಸಂಜೆಯವರೆಗೆ ಕಾದೆ. ಕಡೆಗೂ ಬಂತು.

"ಮನೆಗೊಂದು ಚೌಕಟ್ಟು, ಕ್ಲಿನಿಕ್ಕಿಗೊಂದು ಚೌಕಟ್ಟು ಬೇರೆ ಬೇರೆ ನಿಲ್ಲಿಸಿ, ಎರಡರ ಮಧ್ಯೆ ಗೋಡೆ ಇಲ್ಲದ ಜಗುಲಿ ಬಿಟ್ಟು, ಎಲ್ಲದರ ಮೇಲೂ ಒಂದೇ ಮಾಡು ಹಾಕಿದ್ರೆ ಆಯ್ತಪ್ಪ. ಕಿರುಚಾಟ ಜಗುಲೀಲೇ ಹೊರಗೆ ಹೋಗುತ್ತೆ, ಗಾಳೀನೂ ಆಡುತ್ತೆ. ಆದ್ರೆ ಇವರಿಗೆ ಅದೆಲ್ಲಿ ಹೊಳೆಯುತ್ತೆ, ಅಲ್ವೇನಮ್ಮ?"

"ಹೂಂ ಕಣೆ, ಪಾಪ."

ನನ್ನ ಪೆನ್ಸಿಲು ಕುಣಿಯಿತು. ಎರಡು ಚೌಕಟ್ಟು, ಒಂದು ಮಾಡು, ನಡುವೆ ಜಗುಲಿ. ಜಗುಲಿ ಎಷ್ಟು ಅಗಲ ಎನ್ನುವಷ್ಟರಲ್ಲಿ ಒಳಗೆ ಒಗ್ಗರಣೆ ಚಟಪಟ ಎಂದು ಮಾತು ಮುಳುಗಿಹೋಯಿತು. ಅಳತೆ ಇಲ್ಲದ ನಕ್ಷೆ ಉಪ್ಪಿಲ್ಲದ ಸಾರು. ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಹೋಗಿ ಇಣುಕಿದೆ.

ನನ್ನಾಕೆ ಒಂದು ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಳು. ಕೈಯಲ್ಲಿ ಸೌಟು, ಬಾಯಿ ನೇರ ಸಂದಿನ ಕಡೆ. ಅತ್ತೆ ಎಲ್ಲೂ ಇರಲಿಲ್ಲ.

"ಜಗುಲಿ ಹತ್ತಡಿ ಇದ್ರೆ ಸಾಕು, ಅಲ್ವೇನಮ್ಮ?" ಎಂದಳು. ಗಂಟಲು ಬಿಗಿಹಿಡಿದು, ಸ್ವಲ್ಪ ನಡುಗಿಸಿ, "ಹೂಂ ಕಣೆ, ಸಾಕು," ಎಂದೂ ತಾನೇ ಹೇಳಿಕೊಂಡಳು. ಅಷ್ಟರಲ್ಲಿ ನಾನು ಕಣ್ಣಿಗೆ ಬಿದ್ದೆ. ಅವಳು ಗಾಬರಿಯಾಗಲಿಲ್ಲ. ಸ್ಟೂಲಿನಿಂದ ಇಳಿದು ಒಲೆ ಸಣ್ಣ ಮಾಡಿದಳು.

"ಎಷ್ಟು ದಿನದಿಂದ ನಡೀತಿದೆ ಇದು?" ಎಂದೆ.

"ಸೂರಿನ ಕಾಲದಿಂದ. ಮೊದಮೊದಲು ಅಮ್ಮನೂ ಜೊತೆಗಿರ್ತಿದ್ರು. ಆಮೇಲೆ ಅವರಿಗೆ ಬೇಜಾರಾಯ್ತು. ಈಗ ಎರಡು ಪಾತ್ರಾನೂ ನನ್ನದೇ."

"ನೇರವಾಗಿ ನನಗೇ ಹೇಳಬಹುದಿತ್ತಲ್ಲ."

"ನಿಮಗೆ ಹೇಳಿದ್ದೆ, ನೀವು ಕೇಳಲಿಲ್ಲ. ಗಾಳಿಗೆ ಹೇಳಿದೆ, ಕೇಳಿಸ್ಕೊಂಡ್ರಿ."

ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಇದು ನಮ್ಮಿಬ್ಬರ ನಡುವಿನ ವಿಷಯ, ಹೊರಗಿನವರಿಗೆ ನಾನು ಇನ್ನೂ ಶೂರನೇ. ತಲೆ ಬಾಚಿಕೊಂಡು, ನಕ್ಷೆಯನ್ನು ಸುರುಳಿ ಸುತ್ತಿ, ಡಾಕ್ಟರಮ್ಮನನ್ನು ಎದುರುಗೊಳ್ಳಲು ಮುಂದಿನ ಜಗುಲಿಗೆ ನಡೆದೆ.

ಅವರು ಆಗಲೇ ಬಂದು ಕೂತಿದ್ದರು. ಪಕ್ಕದಲ್ಲಿ ಅತ್ತೆ ಬಾಯಿ ತೆರೆದು ದವಡೆ ಹಲ್ಲು ತೋರಿಸುತ್ತಿದ್ದರು. ಜಗುಲಿಯ ಗೋಡೆಗೂ ಅದೇ ಒಂದು ಮೊಳದ ಸಂದು ಬಿಟ್ಟ ಮಹಾನುಭಾವ ನಾನೇ.

ನಕ್ಷೆ ಬಿಚ್ಚಲು ಹೋದೆ. ಡಾಕ್ಟರಮ್ಮ ಕೈ ಅಡ್ಡ ಹಿಡಿದು, ತೊಂದರೆ ತಗೋಬೇಡಿ, ಎಲ್ಲ ಕೇಳಿಸಿತು, ಬಹಳ ಚೆನ್ನಾಗಿದೆ ಎಂದರು. ಹತ್ತಡಿ ಬದಲು ಹನ್ನೆರಡು ಮಾಡಲು ಒಳಗಿನವರು ಒಪ್ಪುತ್ತಾರೋ ಕೇಳಿ ಬನ್ನಿ ಎಂದು ನನ್ನನ್ನು ಅಡುಗೆಮನೆಗೆ ಕಳಿಸಿದರು. ನಾನು ಹೋಗುವ ಅಗತ್ಯವಿರಲಿಲ್ಲ. "ಆಗಬಹುದು" ಎಂಬ ಉತ್ತರ ನನಗಿಂತ ಮೊದಲೇ ಜಗುಲಿ ತಲುಪಿತ್ತು.

ಆ ಮನೆ ಎದ್ದು ನಿಂತು ಎರಡು ಮಳೆಗಾಲ ಕಂಡಿದೆ. ಒಂದು ಹಲಗೆಯೂ ಬಾಗಿಲ್ಲ, ಒಂದು ಕಿರುಚಾಟವೂ ಜಗುಲಿ ದಾಟಿಲ್ಲ. ಕಟ್ಟಿದವನು ನಾನೇ, ಅದರಲ್ಲಿ ಯಾರಿಗೂ ಅನುಮಾನ ಬೇಡ. ಡಾಕ್ಟರಮ್ಮ ತಮ್ಮ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆಲ್ಲ ನಮ್ಮ ಸುದ್ದಿ ಹೇಳುತ್ತಾರಂತೆ. (ಪಾಪ, ಅವರು ಎದುರು ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ.) ಕೆಲಸ ಸಾಲುಗಟ್ಟಿ ಬರುತ್ತಿದೆ.

ಮೊನ್ನೆ ಹೊಸದೊಂದು ಜೋಡಿ ಬಂತು. ಎದ್ದು ನಿಂತು, ಬನ್ನಿ, ಕೂತುಕೊಳ್ಳಿ, ಎಂಥ ಮನೆ ಬೇಕು ಎಂದು ಕೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹೆಂಡತಿ ಬಹಳ ವಿನಯದಿಂದ ಕೇಳಿದಳು:

"ಅಡುಗೆಮನೆ ಯಾವ ಕಡೆ, ಅಣ್ಣಾ?"