ಒಣಮೀನಿನ ಮೇಲೆ ಹೂವು ನೆಟ್ಟವನಿಂದ, ಪಕ್ಕದ ಮನೆಯ ಬೆಕ್ಕಿನವರಿಗೆ

ಮಾನ್ಯರೇ,

ಹೊನ್ನಿಯವರ ಒಲೆಯ ಬದಿಯಲ್ಲಿ ಖಾಯಂ ವಾಸ್ತವ್ಯವಿರುವ, ಬಾಲದ ತುದಿ ಮಾತ್ರ ಬೆಳ್ಳಗಿರುವ ತಮಗೆ ಹೊನ್ನಾವರದ ಈ ಹೊಸ ಹೂದೋಟಗಾರನ ಸವಿನಯ ವಂದನೆಗಳು.

ನನ್ನ ಅಂಗಳದ ಪಾತಿಯಲ್ಲಿ ಉಳಿದಿದ್ದ ಕೊನೆಯ ಅಬ್ಬಲಿಗೆ (ಕನಕಾಂಬರ) ಗಿಡವೂ ಇಂದು ಬೆಳಿಗ್ಗೆ ಬೇರು ಮೇಲಾಗಿ ಬಿದ್ದಿದೆ. ಮೊದಲು ವರದಿ ಮಾಡಿದವರು ತಮ್ಮ ಯಜಮಾನಿ ಹೊನ್ನಿಯವರೇ. ಬೇಲಿಯಾಚೆಯಿಂದ ಅವರು ಕೇಳಿದ್ದಿಷ್ಟು: "ಎಂತ ಮಾರಾಯ್ರೆ, ಹೂವಿನ ಪಾತಿ ಮಾಡೂದು ಅಂದ್ರೆ ನಮ್ಮ ಬೆಕ್ಕಿಗೆ ಊಟಕ್ಕೆ ಎಲೆ ಹಾಕೂದಾ?"

ಯೋಜನೆಯಲ್ಲಿ ಲೋಪವಿರಲಿಲ್ಲ. ಬಿಸಿಲು ಬೀಳುವ ಬದಿ ನೋಡಿ, ಮಳೆನೀರು ನಿಲ್ಲದಂತೆ ಮಣ್ಣು ಏರಿಸಿ, ಎತ್ತರದ ದಾಸವಾಳವನ್ನು ಹಿಂದೆ, ಗೊಂಡೆ ಚೆಂಡುಹೂವನ್ನು ನಡುವೆ, ಗಿಡ್ಡ ಅಬ್ಬಲಿಗೆಯನ್ನು ಮುಂದೆ ಗೇಣು ಅಂತರದಲ್ಲಿ ನೆಟ್ಟಿದ್ದೆ. ಆಮೇಲೆ, ತೆಂಗಿಗೆ ಒಳ್ಳೆಯದಾದದ್ದು ಹೂವಿಗೂ ಒಳ್ಳೆಯದೇ ಎಂದುಕೊಂಡು, ಮಾವಿನಕುರ್ವೆಯ ಗೆಳೆಯ ಮಾಬ್ಲ ಕೊಟ್ಟ ಒಣಮೀನಿನ ಚೂರನ್ನು ಬುಡಕ್ಕೆ ಗೊಬ್ಬರವೆಂದು ಧಾರಾಳವಾಗಿ ಹಾಕಿದೆ. ತೆಂಗಿನ ಮರವನ್ನು ಯಾವ ಬೆಕ್ಕೂ ಕಿತ್ತು ಹಾಕಲಾರದು ಎಂಬುದು ಆಗ ಹೊಳೆಯಲಿಲ್ಲ. ಶ್ರಾವಣವೆಂದು ತಮ್ಮ ಮನೆಯಲ್ಲೂ ನಮ್ಮ ಮನೆಯಲ್ಲೂ ಮೀನು ಬಂದ್ ಆಗಿ, ಕೇರಿಗೆ ಉಳಿದ ಒಂದೇ ಮೀನು ನನ್ನ ಹೂವಿನ ಕೆಳಗಿತ್ತು ಎಂಬುದೂ ಹೊಳೆಯಲಿಲ್ಲ. ತಮಗೆ ಎರಡೂ ಹೊಳೆದವು.

ತಮ್ಮ ಕಾರ್ಯದಕ್ಷತೆಯನ್ನು ಮೆಚ್ಚದಿರಲಾರೆ. ನಮ್ಮ ಮನೆಯೆದುರು ಪೈಪಿಗೆಂದು ರಸ್ತೆ ಅಗೆದವರು ಹೊಂಡ ಮುಚ್ಚಲು ಎರಡನೆಯ ಮಳೆಗಾಲವನ್ನು ಕಾಯುತ್ತಿರುವಾಗ, ತಾವು ಮಾತ್ರ ಅಗೆದದ್ದನ್ನು, ಅದರೊಳಗೆ ತಾವು ಬಿಟ್ಟುಹೋದದ್ದರ ಸಮೇತ, ಅಂದೇ ಮುಚ್ಚುತ್ತೀರಿ. ದಯವಿಟ್ಟು ಆ ಗುತ್ತಿಗೆದಾರರಿಗೆ ಒಂದು ತರಬೇತಿ ಶಿಬಿರ ನಡೆಸಿಕೊಡಿ. ಶಿಬಿರಕ್ಕೆ ಬೇಕಾದ ಮೀನನ್ನು ಅವರೇ ಒದಗಿಸಲಿ. ಇನ್ನು, ಊರಿನ ಮಾಂಸಾಹಾರಿಗಳೆಲ್ಲ ಶ್ರಾವಣ ಪಾಲಿಸುವಾಗ ತಾವೂ ಪಾಲಿಸುವಿರಾದರೆ ಪುಣ್ಯವೂ ತಮ್ಮದೇ.

ನನ್ನ ಅವಸರಕ್ಕೆ ಕಾರಣವಿದೆ. ಪ್ರತಿ ವರ್ಷ ಚೌತಿಗೆ ನಮ್ಮ ಗಣಪತಿಗೆ ಹೂವು ಬರುವುದು ಭಟ್ಕಳದಲ್ಲಿ ಮಲ್ಲಿಗೆ ಬೆಳೆಯುವ ತಂಗಿ ವೀಣಾಳ ಮನೆಯಿಂದ. "ಈ ಸಲ ಕಳಿಸಬೇಡ, ಹೂವು ನಮ್ಮ ಪಾತಿಯದೇ" ಎಂದು ನೆಂಟರೆಲ್ಲರ ಎದುರು ನಾನು ಸಾರಿದ್ದೆ. ಅವಳು ನಗದೆ, "ಆತು ಅಣ್ಣಾ, ನೋಡ್ವ" ಎಂದಿದ್ದಳು. ನಗದಿದ್ದದ್ದೇ ಈಗ ಹೆಚ್ಚು ಕಾಡುತ್ತಿದೆ. ಚೌತಿಗೆ ಇನ್ನೊಂದೇ ವಾರವಿದ್ದು, ಪಾತಿಯಲ್ಲಿ ನೆಟ್ಟಗೆ ನಿಂತಿರುವುದು ಗಿಡಗಳ ಹೆಸರು ಬರೆದ ಕಡ್ಡಿಗಳು ಮಾತ್ರ. ಆದುದರಿಂದ ಚೌತಿಯ ಹಿಂದಿನ ದಿನ ಬೆಳಗಿನ ಬಸ್ಸಿಗೆ ನಾನೇ ಭಟ್ಕಳಕ್ಕೆ ಹೋಗಿ ಮಲ್ಲಿಗೆ ತರುತ್ತೇನೆ.

ತಮ್ಮ ಉಗುರಿಗೆ ಸಿಕ್ಕ ವಿಶ್ವಾಸಿ,
ಸಂಜಯ ನಾಯ್ಕ

ತಾ.ಕ.: ತಂಗಿಗೆ ನಾನು ತಿಳಿಸುವ ಮೊದಲೇ ತಮ್ಮ ಯಜಮಾನಿ ಫೋನು ಮಾಡಿ ತಿಳಿಸಿದ್ದಾರೆ. ಮಲ್ಲಿಗೆಯ ಜೊತೆ ಹೊಸ ಸಸಿಗಳೂ ಬರಲಿವೆ. ಚೌತಿ ಕಳೆದ ಮೇಲೆ ಬರುವ ಭಾನುವಾರ ಅವುಗಳನ್ನು ನೆಡಲಾಗುವುದು. ಗೊಬ್ಬರ ಸೆಗಣಿಯದು.