ಬಳ್ಳೊಳ್ಳಿ ನಾರಿದ ಬೀಜಗಣಿತ

ಒಂದು ವಸ್ತುವಿನಿಂದ ಕೆಲಸ ನಡೆಯುತ್ತಿದ್ದರೆ ಎರಡನೆಯದನ್ನು ಕೊಳ್ಳಲು ನನಗೆ ಕೈ ಬರುವುದಿಲ್ಲ. ಇದಕ್ಕೆ ನಾನು ಮಿತವ್ಯಯ ಎನ್ನುತ್ತೇನೆ. ಹೆಂಡತಿ ಶೈಲಾ ಬೇರೆ ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವುದು ಬೇಡ. ಗೋಕುಲ ರಸ್ತೆಯ ನಮ್ಮ ಮನೆಯಲ್ಲಿ ಕೆಳಗೆ ನಾವು, ಮೇಲೆ ನನ್ನ ತಮ್ಮ ಪ್ರಕಾಶನ ಸಂಸಾರ; ಎರಡೂ ಮನೆಗೆ ಒಂದೇ ಮಿಕ್ಸರ್. ಅದು ಸದ್ಯ ಎಲ್ಲಿದೆ ಎಂಬುದು ಮೆಟ್ಟಿಲ ಮೇಲೆ ನಿಂತು ಯಾರು ಕೂಗುತ್ತಿದ್ದಾರೆ ಎಂಬುದರಿಂದ ತಿಳಿಯುತ್ತದೆ.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು, ಶೈಲಾ ಹೈಸ್ಕೂಲಿನಲ್ಲಿ ಗಣಿತ. ಅವಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ, ಮಕ್ಕಳು ಬೀಜಗಣಿತವನ್ನು ಬೆರಳಿನಿಂದ ಮುಟ್ಟಿ ಆಡುವಂಥ ಪ್ರೋಗ್ರಾಂ ಮಾಡಿಕೊಡುತ್ತೇನೆ ಎಂದು ಕೊಚ್ಚಿಕೊಂಡಿದ್ದೆ. ಅವಳು ನಂಬಿ ಹೆಡ್‌ಮೇಡಂಗೆ ಹೇಳಿದಳು. ಅವರು ನಂಬಿ ಪಾಲಕರನ್ನೆಲ್ಲ ಕರೆದರು. ಕೆಟ್ಟರೆ ಹೋಗುವುದು ಶೈಲಾಳ ಮಾನ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಕಂಪ್ಯೂಟರು ಲೆಕ್ಕವನ್ನು ಮರದಂತೆ ಇಟ್ಟುಕೊಳ್ಳುತ್ತದೆ. (x+3)(x+3) ಎಂದರೆ ಎಲ್ಲಕ್ಕಿಂತ ಮೇಲೆ ಬೇರಿನ ಜಾಗದಲ್ಲಿ ಗುಣಾಕಾರ, ಅದರ ಕೆಳಗೆ ಎರಡು ಕೊಂಬೆಗಳಲ್ಲಿ ಎರಡು ಕೂಡುವ ಚಿಹ್ನೆಗಳು, ಕೆಳಗೆ x ಮತ್ತು 3 ಎಂಬ ಎಲೆಗಳು. ತಮ್ಮೂರು ಗರಗದಿಂದ ಬಂದಿದ್ದ ಅತ್ತೆ, ಶೈಲಾಳ ತಾಯಿ, ಪರದೆಯನ್ನು ನೋಡಿ, "ಬೇರು ಮ್ಯಾಲ, ಎಲಿ ಕೆಳಗ! ಇಂಥಾ ಗಿಡಕ್ಕ ನೀರು ಎಲ್ಲಿ ಹಾಕತೀರ್ರಿ?" ಎಂದರು. ನಾನು ವಿದ್ವಾಂಸನ ನಗೆ ನಕ್ಕೆ.

ಪ್ರದರ್ಶನದ ಹಿಂದಿನ ದಿನ ಸಂಜೆ ಶೈಲಾ ಎಡಗಡೆಯ 3 ಮುಟ್ಟಿ 5 ಮಾಡಿದಳು. ಬಲಗಡೆಯದೂ 5 ಆಯಿತು.

"ರೀ, ನಾ ಎಡಗಡಿ ಮುಟ್ಟಿದ್ರ ಬಲಗಡೀನೂ ಯಾಕ ಬದಲಾತು?"

"ಅವೆರಡೂ ಅಣ್ಣತಮ್ಮ ಇದ್ದಂಗ" ಎಂದೆ.

ಅವಳು ನಗಲಿಲ್ಲ. "ನಾಳೆ ಪಾಲಕರ ಮುಂದ ಹಿಂಗಾದ್ರ ನಾ ಸಾಲಿಗೆ ಹೆಂಗ ಮಾರಿ ತೋರಿಸ್ಲಿ?"

ಅವಳ ಕಣ್ಣು ತಪ್ಪಿಸಲು, ಅತ್ತೆ ಆಗಷ್ಟೇ ಮಾಡಿಟ್ಟಿದ್ದ ಶೇಂಗಾ ಹೋಳಿಗೆಯೊಂದನ್ನು ತೆಗೆದುಕೊಂಡು ಕಚ್ಚಿದೆ. ಘಮ್ಮೆಂದು ಬಳ್ಳೊಳ್ಳಿ! ಶೈಲಾ ಒಂದು ಚೂರು ತಿಂದವಳೇ ಮೆಟ್ಟಿಲಿಗೆ ಹೋಗಿ, "ಪ್ರಕಾಶಾ, ಮುಂಜಾನೆ ಮಿಕ್ಸರ್ ಜಾರಿನ್ಯಾಗ ಏನ್ ರುಬ್ಬಿದ್ರಿ?" ಎಂದು ಕೂಗಿದಳು.

"ಬಳ್ಳೊಳ್ಳಿ ಖಾರ, ವೈನಿ! ನಿಮಗ ಹೆಂಗ ಗೊತ್ತಾತು?"

ಅರ್ಧ ಹೋಳಿಗೆ ಕೈಯಲ್ಲಿ ಹಿಡಿದೇ ನಾನು ಕಂಪ್ಯೂಟರಿನ ಮುಂದೆ ಕೂತೆ. ಎರಡೂ ಕಡೆ x+3 ತಾನೆ, ಎರಡು ಯಾಕೆ ದಂಡ ಎಂದು ಒಂದನ್ನೇ ಮಾಡಿ ಎರಡೂ ಕೊಂಬೆಗೆ ಅದನ್ನೇ ನೇತುಹಾಕಿದ್ದೆ. ನೋಡಲು ಎರಡು, ಒಳಗೆ ಒಂದೇ ಜಾರು. ಮೇಲೆ ರುಬ್ಬಿದ್ದು ಕೆಳಗೆ ನಾರದೆ ಇನ್ನೇನು? ಎರಡನೆಯ ಕೊಂಬೆಗೆ ಬೇರೆ ಪ್ರತಿ ಮಾಡಿಕೊಟ್ಟೆ. ಈಗ ಎಡಗಡೆ 5 ಮಾಡಿದರೂ ಬಲಗಡೆಯ 3 ತನ್ನ ಜಾಗದಲ್ಲಿ ತೆಪ್ಪಗೆ ಉಳಿಯಿತು.

ಮರುದಿನ ಪ್ರೋಗ್ರಾಂ ಚೆನ್ನಾಗಿ ನಡೆಯಿತು, ಶೈಲಾಳ ಮುಖವೂ ಅರಳಿತು. ಹೆಡ್‌ಮೇಡಂ, "ಭಾಳ ಛಲೋ ಆಗೇತ್ರಿ ಸರ್. ಮಾಡೂಮುಂದ ತ್ರಾಸು ಏನರ ಆತೇನ್ರಿ?" ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶೈಲಾ ಹೋಳಿಗೆಯಿಂದ ಶುರುಮಾಡಿ ನನ್ನ ಮಿತವ್ಯಯದವರೆಗೆ ಎಲ್ಲವನ್ನೂ, ತಾನಿಟ್ಟ ಹೆಸರಿನ ಸಮೇತ, ಹೇಳಿಬಿಟ್ಟಳು. ಪಾಲಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನಿಂದ ಒಬ್ಬ ತಾಯಿ, "ಈಗರ ಇನ್ನೊಂದು ಮಿಕ್ಸರ್ ತಗೊಂಡ್ರೋ ಇಲ್ಲೋ?" ಎಂದರು.

ಅಂದೇ ಸಂಜೆ ಹೊಸ ಮಿಕ್ಸರ್ ಕೊಂಡು ತಂದೆ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಮೇಲಿನಿಂದ ಪ್ರಕಾಶ ಸಮಾಧಾನವಾಗಿ ಹೇಳಿದ: "ಹಳೇದು ಬಳ್ಳೊಳ್ಳಿ ನಾರತೈತಿ ಅಣ್ಣಾ, ಖಾರಕ್ಕ ಇಟ್ಕೊಂಡೇವಿ. ಹೊಸಾದು ಸಿಹಿಗೆ ಒಯ್ದೇವಿ."

ಈಗ ಮೆಟ್ಟಿಲ ಮೇಲೆ ನಿಂತು ಕೂಗುವವನು ನಾನು.